ಮೊದಲು ಗಾಯ ಮಾಯಲಿ

ಕುರುಬರಹಳ್ಳಿ
12 ಫೆಬ್ರವರಿ 2024

ಕವನಾ ತಾಯಿಗೆ,

ಆಶೀರ್ವಾದಗಳು. ನನ್ನ ನೆನಪು ಇದೆಯೋ ಇಲ್ಲವೋ. ಜನವರಿಯಲ್ಲಿ ನಿಮ್ಮ ಆಸ್ಪತ್ರೆಯ ಎರಡನೇ ಮಹಡಿಯಲ್ಲಿ ಕಿಟಕಿ ಪಕ್ಕದ ಮಂಚದಲ್ಲಿದ್ದ ಪಿ.ಟಿ. ಮೇಷ್ಟ್ರು ಅಂಜಿನಯ್ಯ ನಾನು. ಗಂಟಲ ಕ್ಯಾನ್ಸರ್ ಗಡ್ಡೆ ತೆಗೆಸಿಕೊಂಡವನು. ನಾನು ಇಡ್ಲಿ ಬಿಟ್ಟಿದ್ದಕ್ಕೆ ನೀನು ಬೈದಿದ್ದೆ.

ಫೋನಲ್ಲಿ ಮಾತಾಡುವ ಹಾಗಿಲ್ಲ, ಮೊಬೈಲಲ್ಲಿ ಟೈಪ್ ಮಾಡಲು ಈ ಬೆರಳುಗಳಿಗೆ ಬರುವುದಿಲ್ಲ. ಅದಕ್ಕೇ ಕಾಗದ. ಆಸ್ಪತ್ರೆ ವಿಳಾಸಕ್ಕೆ ಸಿಸ್ಟರ್ ಕವನಾ ಎಂದು ಬರೆದು ಹಾಕುತ್ತಿದ್ದೇನೆ.

ಕತ್ತಿನ ತೂತಿಗೆ ನೀವು ಹಾಕಿ ಕಳಿಸಿದ ಕೊಳವೆಯನ್ನು ಮಗ ಶಶಿಕುಮಾರ್ ತೊಳೆದು ಕೊಡುತ್ತಾನೆ. ನೀನು ಅವನಿಗೇ ತೋರಿಸಿಕೊಟ್ಟಿದ್ದು ತಾನೇ. ಆದರೆ ಅವನು ಬೆಳಗ್ಗೆ ಪೀಣ್ಯಕ್ಕೆ ಕೆಲಸಕ್ಕೆ ಹೋದರೆ ಕತ್ತಲಾದ ಮೇಲೆ ಬರುವುದು. ಮಧ್ಯಾಹ್ನ ಕಫ ಕಟ್ಟಿದರೆ ಏನು ಮಾಡಬೇಕು? ಕತ್ತಿಗೆ ಕಟ್ಟುವ ಬಟ್ಟೆ ಒದ್ದೆ ಇರಬೇಕೋ ಒಣಗಿರಬೇಕೋ? ತಲೆಗೆ ನೀರು ಹಾಕಿಕೊಳ್ಳಬಹುದೇ?

ಮೊನ್ನೆ ಕಪಾಟಿನಲ್ಲಿ ನನ್ನ ಹಳೇ ವಿಷಲ್ ಸಿಕ್ಕಿತು. ಬಾಯಿಗಿಟ್ಟು ಊದಿದೆ. ಗಾಳಿ ಕತ್ತಿನಿಂದ ಹೊರಗೆ ಹೋಯಿತು, ಬಾಯಿಗೆ ಬರಲೇ ಇಲ್ಲ. ಬಿಸಿ ಕಾಫಿಯನ್ನೂ ಊದಿ ಕುಡಿಯಲು ಆಗುತ್ತಿಲ್ಲ. ಹೀಗೇ ಇರುತ್ತದೆಯೇ ಸ್ವಲ್ಪ ದಿನ?

ನೀನು ಕೊಟ್ಟ ಸ್ಲೇಟಿನಲ್ಲಿ ಬರೆಯುತ್ತೇನೆ. ಮಗ ಓದುತ್ತಾನೆ. ನನ್ನ ಹೆಂಡತಿ ರಾಮಕ್ಕನಿಗೆ ಓದಲು ಬರುವುದಿಲ್ಲ. ನಾನು ಬರೆದದ್ದನ್ನು ಅವಳು ತುಂಬ ಹೊತ್ತು ನೋಡಿ, ಸೆರಗಿನಿಂದ ಒರೆಸಿ ವಾಪಸ್ಸು ಕೊಡುತ್ತಾಳೆ.

ಇರಲಿ, ಇದೆಲ್ಲ ಸ್ವಲ್ಪ ದಿನದ್ದು. ಗಾಯ ಪೂರ್ತಿ ಮಾಯ್ದಿದೆ ಎಂದು ಹೋದ ವಾರ ಡಾಕ್ಟರು ಹೇಳಿದರು. ದನಿ ಬರುತ್ತದಲ್ಲವಾ ಎಂದು ಆಪರೇಷನ್ನಿಗೆ ಮುಂಚೆ ಕೇಳಿದಾಗ, "ಮೊದಲು ಗಾಯ ಮಾಯಲಿ ಸಾರ್" ಎಂದಿದ್ದೆ ನೀನು. ಈಗ ಮಾಯಿತು. ಯಾವಾಗ ಬರುತ್ತದೆ? ಡಾಕ್ಟರ ಹತ್ತಿರ ಬರೆದು ಕೇಳಲು ಹೋದರೆ ಅವರಿಗೆ ಅವಸರ. ಅದಕ್ಕೇ ನಿನ್ನನ್ನು ಕೇಳುತ್ತಿದ್ದೇನೆ.

ಇತಿ,
ಅಂಜಿನಯ್ಯ


ಕೆಂಗೇರಿ
20 ಫೆಬ್ರವರಿ 2024

ಮೇಷ್ಟ್ರೇ, ನಮಸ್ಕಾರ.

ನಿಮ್ಮ ಕಾಗದ ರಿಸೆಪ್ಷನ್‌ನವರು ತಂದುಕೊಟ್ಟರು. ನಿಮ್ಮನ್ನು ಮರೆಯೋಕೆ ಆಗುತ್ತಾ ಸಾರ್?

ಒಳಗಿನ ಕೊಳವೆಯನ್ನು ದಿನಕ್ಕೆ ಎರಡು ಮೂರು ಸಲ, ಕಫ ಜಾಸ್ತಿ ಇದ್ದರೆ ಇನ್ನೂ ಹೆಚ್ಚು ಸಲ ತೆಗೆದು ತೊಳೆಯಬೇಕು. ಉಗುರುಬೆಚ್ಚಗಿನ ನೀರು, ಮೃದುವಾದ ಬ್ರಷ್. ಕತ್ತಿಗೆ ಕಟ್ಟುವ ಬಟ್ಟೆ ಒದ್ದೆ ಮಾಡಿ ಹಿಂಡಿರಬೇಕು. ನೀವೀಗ ಮೂಗಿನಿಂದ ಉಸಿರಾಡುತ್ತಿಲ್ಲ, ಒಣಗಾಳಿ ನೇರವಾಗಿ ಎದೆಗೆ ಹೋಗುತ್ತೆ, ಕಫ ಗಟ್ಟಿಯಾಗಿಬಿಡುತ್ತೆ. ನೀರು ಚೆನ್ನಾಗಿ ಕುಡಿಯಿರಿ. ಸ್ನಾನ ಮಾಡುವಾಗ ಕತ್ತಿನ ಮೇಲೆ ನೀರು ಬೀಳಬಾರದು. ತಲೆಗೆ ಹಾಕಿಕೊಳ್ಳೋದಾದರೆ ಬಗ್ಗಿ, ಬೇರೆಯವರ ಕೈಲಿ ಹಾಕಿಸಿಕೊಳ್ಳಿ. ಇದನ್ನೆಲ್ಲ ಕನ್ನಡಿ ಮುಂದೆ ಕೂತು ನೀವೇ ಮಾಡಿಕೊಳ್ಳೋದು ಕಲಿತರೆ ಒಳ್ಳೇದು.

ದನಿ ವಿಷಯ ಮುಂದಿನ ಸಲ ಚೆಕಪ್‌ಗೆ ಬಂದಾಗ ಡಾಕ್ಟರ ಹತ್ತಿರ ನಿಧಾನವಾಗಿ ಕೇಳಿ. ಅವರು ಸರಿಯಾಗಿ ಹೇಳ್ತಾರೆ.

ಅಮ್ಮನಿಗೆ ನನ್ನ ನಮಸ್ಕಾರ ತಿಳಿಸಿ.

ಇಂತಿ,
ಕವನಾ


ಕುರುಬರಹಳ್ಳಿ
4 ಮಾರ್ಚ್ 2024

ಕವನಾ,

ಹೋದ ಗುರುವಾರ ಮಧ್ಯಾಹ್ನ ಕೊಳವೆ ಕಟ್ಟಿಕೊಂಡಿತು. ಮನೆಯಲ್ಲಿ ನಾವಿಬ್ಬರೇ. ನನಗೆ ಉಸಿರು ಸಿಗುತ್ತಿಲ್ಲ, ಕೂಗಲು ದನಿ ಇಲ್ಲ. ರಾಮಕ್ಕ ಅಡುಗೆಮನೆಯಲ್ಲಿ ಬೆನ್ನು ತಿರುಗಿಸಿ ನಿಂತಿದ್ದಳು. ಸ್ಟೀಲ್ ಲೋಟ ಎಸೆದೆ. ಅವಳು ಬಂದು ನೋಡಿ, ಏನು ಮಾಡಬೇಕೋ ತಿಳಿಯದೆ ನನ್ನ ಬಾಯಿಗೆ ನೀರು ಹಿಡಿದಳು. ಕತ್ತಿನ ಕಡೆ ಕೈ ಹಾಕಲು ಅವಳಿಗೆ ಭಯ. ಯಾರೂ ಅವಳಿಗೆ ತೋರಿಸಿರಲಿಲ್ಲವಲ್ಲ. ಕೊನೆಗೆ ನಾನೇ ಕೊಳವೆ ಕಿತ್ತು ಎಸೆದೆ. ಉಸಿರು ಬಂತು, ರಕ್ತವೂ ಬಂತು. ಪಕ್ಕದ ಮನೆಯ ವೆಂಕಟಗಿರಿ ಆಟೋದಲ್ಲಿ ಹಾಕಿಕೊಂಡು ಹತ್ತಿರದ ಒಂದು ಕ್ಲಿನಿಕ್ಕಿಗೆ ಓಡಿದ.

ಅಲ್ಲೊಬ್ಬ ಚಿಕ್ಕ ವಯಸ್ಸಿನ ಡಾಕ್ಟರು. ಒಳ್ಳೇ ಹುಡುಗ. ಎಲ್ಲ ಶುಚಿ ಮಾಡಿ ಬೇರೆ ಕೊಳವೆ ಹಾಕಿದ. ನಾನು ಅವನ ಚೀಟಿಯ ಹಿಂದೆ ಬರೆದು ಕೇಳಿದೆ: "ನನಗೆ ದನಿ ಯಾವಾಗ ಬರುತ್ತೆ?"

ಅವನು ಓದಿ ಆಶ್ಚರ್ಯದಿಂದ ನನ್ನನ್ನು ನೋಡಿದ. "ಧ್ವನಿಪೆಟ್ಟಿಗೇನೇ ಪೂರ್ತಿ ತೆಗೆದಿದಾರಲ್ಲ ಅಜ್ಜ. ನಿಮಗೆ ಹೇಳಿಲ್ವಾ?" ಎಂದ.

ರಾಮಕ್ಕ ಅಲ್ಲೇ ನಿಂತಿದ್ದಳು. ಅವಳಿಗೂ ಆಗಲೇ ಗೊತ್ತಾದದ್ದು.

ನನ್ನ ಒಂದೇ ಪ್ರಶ್ನೆ. ನಿನಗೆ ಗೊತ್ತಿತ್ತಾ?

ಅಂಜಿನಯ್ಯ


ಕೆಂಗೇರಿ
17 ಮಾರ್ಚ್ 2024

ಮೇಷ್ಟ್ರೇ,

ಗೊತ್ತಿತ್ತು.

ಈ ಒಂದು ಪದ ಬರೆದು ಎರಡು ದಿನ ಕಾಗದ ಹಾಗೇ ಇಟ್ಟಿದ್ದೆ.

ನಿಮ್ಮನ್ನು ಅಡ್ಮಿಟ್ ಮಾಡಿದ ದಿನ ಶಶಿಕುಮಾರ್ ಅವರು ನನ್ನನ್ನು ಲಿಫ್ಟ್ ಹತ್ತಿರ ಕರೆದು ಕೈ ಮುಗಿದರು. "ಸಿಸ್ಟರ್, ದನಿ ಹೋಗುತ್ತೆ ಅಂತ ಗೊತ್ತಾದ್ರೆ ಅಪ್ಪ ಈಗಲೇ ಎದ್ದು ಮನೆಗೆ ಹೋಗ್ತಾರೆ. ಆಮೇಲೆ ಉಳಿಯಲ್ಲ. ದಯವಿಟ್ಟು ಹೇಳ್ಬೇಡಿ" ಅಂದರು. ಡಾಕ್ಟರು ಕೂಡ, ಮನೆಯವರು ಹೇಳಿದ ಹಾಗೆ ಮಾಡಿ ಅಂದರು. ನಿಮಗೆ ಅವರು "ದನಿ ಸ್ವಲ್ಪ ಬದಲಾಗುತ್ತೆ" ಅಂತ ಹೇಳಿ ಸಹಿ ಹಾಕಿಸುವಾಗ ನಾನು ಮಂಚದ ಈ ಕಡೆ ನಿಂತಿದ್ದೆ. ಪೆನ್ನು ಕೊಟ್ಟವಳು ನಾನೇ.

ಆಪರೇಷನ್ನಿಗೆ ಮುಂಚೆ ರೋಗಿ ಹತ್ತಿರ ಕೂತು, ಏನು ತೆಗೀತಾರೆ, ಆಮೇಲೆ ಹೇಗಿರುತ್ತೆ, ಹೇಗೆ ನೋಡಿಕೊಳ್ಳಬೇಕು ಅಂತ ತಿಳಿಸೋದು ನನ್ನ ಕೆಲಸ. ಬೇರೆಯವರ ಹತ್ತಿರ ಗಂಟೆಗಟ್ಟಲೆ ಕೂತಿದ್ದೀನಿ. ನಿಮ್ಮ ಹತ್ತಿರ ಕೂರೋಕೆ ಹೆದರಿಕೆ. ಕೂತರೆ ನೀವು ಕೇಳ್ತೀರಿ, ನಿಮ್ಮ ಮುಖ ನೋಡಿ ಸುಳ್ಳು ಹೇಳೋಕೆ ನನಗೆ ಆಗಲ್ಲ. ಅದಕ್ಕೇ ಆಪರೇಷನ್ ಆದ ಮೇಲೂ ನಿಮಗೆ ಕಲಿಸೋದು ಬಿಟ್ಟು, ವಾರ್ಡಿನ ಹೊರಗೆ ನಿಮ್ಮ ಮಗನಿಗೆ ಅವಸರದಲ್ಲಿ ತೋರಿಸಿ ಮುಗಿಸಿದೆ. ಕನ್ನಡಿ ಕೊಟ್ಟು ನಿಮಗೇ ಕಲಿಸಿದ್ದರೆ, ಅಮ್ಮನಿಗೂ ಒಂದು ಸಲ ತೋರಿಸಿದ್ದರೆ, ಆ ಗುರುವಾರ ಹಾಗಾಗ್ತಿರಲಿಲ್ಲ. ಅಮ್ಮನಿಗೆ ಓದೋಕೆ ಬರುತ್ತಾ ಅಂತ ಕೂಡ ಕೇಳದೆ ಸ್ಲೇಟ್ ಕೊಟ್ಟು ಕಳಿಸಿದೆ.

ಫೆಬ್ರವರಿಯಲ್ಲಿ ನೀವು ನೇರವಾಗಿ ಕೇಳಿದಾಗಲಾದರೂ ಹೇಳಬಹುದಿತ್ತು. ಡಾಕ್ಟರನ್ನು ಕೇಳಿ ಅಂತ ಬರೆದೆ.

ಏನು ಅಂತ ಕ್ಷಮೆ ಕೇಳಲಿ ಸಾರ್?

ಕವನಾ


ಕುರುಬರಹಳ್ಳಿ
2 ಏಪ್ರಿಲ್ 2024

ಸಿಸ್ಟರ್ ಕವನಾ ಅವರಿಗೆ,

ನಾನು ಅಂಜಿನಯ್ಯ ಅವರ ಮಗ ಶಶಿಕುಮಾರ್. ಅಪ್ಪನ ಹಾಗೆ ಕಾಗದ ಬರೆದು ಅಭ್ಯಾಸ ಇಲ್ಲ, ತಪ್ಪಿದ್ದರೆ ತಿದ್ಕೊಂಡು ಓದಿ.

ನೀವು ಅಪ್ಪನಿಗೆ ಬರೆದಿದ್ದನ್ನ ಅವರು ನನ್ನ ಮುಂದೆ ಇಟ್ಟರು. ಇಟ್ಟು ಒಳಗೆ ಹೋದರು. ಅವತ್ತಿಂದ ಸ್ಲೇಟಲ್ಲಿ ನನಗೆ ಒಂದಕ್ಷರ ಬರೆದಿಲ್ಲ. ಕೊಳವೆ ತೊಳೆಯೋಕೆ ಹೋದರೆ ಕೈ ತಳ್ತಾರೆ. ಕನ್ನಡಿ ಇಟ್ಕೊಂಡು ತಾವೇ ಮಾಡ್ಕೊಳ್ತಾರೆ, ಗಾಯ ಮಾಡ್ಕೊಳ್ತಾರೆ. ಅಮ್ಮ ನನ್ನನ್ನ ನೋಡಿದರೆ ಅಳ್ತಾಳೆ. ನನ್ನ ಹೆಂಡತಿ ಹೆರಿಗೆಗೆ ತವರಲ್ಲಿದ್ದಾಳೆ. ಕೆಲಸ ಮುಗಿಸಿ ಬಂದು ಮನೆ ಮುಂದೆ ಗಾಡಿ ಮೇಲೆ ಸುಮ್ಮನೆ ಕೂತಿರ್ತೀನಿ.

ಅಪ್ಪ ಕೇಳಿದ್ದು ನಿಮಗೆ ಗೊತ್ತಿತ್ತಾ ಅಂತ. ಯಾರು ಹೇಳ್ಬೇಡಿ ಅಂದ್ರು ಅಂತ ಅವರು ಕೇಳಿರಲಿಲ್ಲ. ನನ್ನ ಹೆಸರು ಯಾಕೆ ಬರೆದ್ರಿ? ನನಗೆ ಒಂದು ಮಾತು ಹೇಳಿದ್ರೆ ನಾನೇ ಅಪ್ಪನ ಕಾಲು ಹಿಡ್ಕೊಂಡು ಹೇಳ್ತಿದ್ದೆ. ನಿಮ್ಮ ಮನಸ್ಸು ಹಗುರ ಆಯ್ತೇನೋ. ಆ ಭಾರ ಎಲ್ಲಾ ತಂದು ನಮ್ಮ ಮನೆ ಹಜಾರದಲ್ಲಿ ಇಳಿಸಿದ್ರಿ.

ನಾನು ಮಾಡಿದ್ದು ತಪ್ಪೇ ಇರಬಹುದು ಮೇಡಂ. ಆದ್ರೆ ಅಪ್ಪ ಇವತ್ತು ಉಸಿರಾಡ್ತಾ ಇದಾರೆ. ಅದನ್ನ ನಾನು ತಪ್ಪು ಅಂತ ಹೇಗೆ ಅಂದ್ಕೊಳ್ಳಲಿ?

ಶಶಿಕುಮಾರ್ ಎ.


ಕೆಂಗೇರಿ
10 ಜೂನ್ 2024

ಮೇಷ್ಟ್ರೇ,

ಮಾರ್ಚಿನಿಂದ ನೀವು ಬರೆದಿಲ್ಲ. ಬರೆಯಿರಿ ಅನ್ನೋ ಹಕ್ಕೂ ನನಗಿಲ್ಲ. ಶಶಿಕುಮಾರ್ ಅವರ ಕಾಗದಕ್ಕೆ ಮೂರು ಸಲ ಉತ್ತರ ಬರೆದು ಹರಿದು ಹಾಕಿದೆ. ಅವರ ಹೆಸರು ನಾನು ತೆಗೆಯಬಾರದಿತ್ತು. ನಿಮಗೆ ಸತ್ಯ ಹೇಳ್ತಿದ್ದೀನಿ ಅಂದುಕೊಂಡು, ಅರ್ಧ ತಪ್ಪನ್ನು ಅವರ ತಲೆ ಮೇಲೆ ಹಾಕಿದೆ. ಇದನ್ನು ಅವರಿಗೂ ಹೇಳಿ.

ಇವತ್ತು ಬರೆಯೋಕೆ ಬೇರೆ ಕಾರಣ ಇದೆ. ವಾರ್ಡಿನಲ್ಲಿ ಮುನಿಯಣ್ಣ ಅಂತ ಒಬ್ಬರಿದ್ದಾರೆ. ವಿಜಯನಗರದ ಬೀದಿಗಳಲ್ಲಿ ತಳ್ಳುಗಾಡಿಯಲ್ಲಿ ಸೊಪ್ಪು ಮಾರೋರು. ನಿಮ್ಮದೇ ಕಾಯಿಲೆ, ಅದೇ ಆಪರೇಷನ್. ಗಂಟಲು ಇಷ್ಟು ಕೆಟ್ಟಿದ್ದರೂ ಅವರು ಮಾತಾಡಿದರೆ ಕಾರಿಡಾರಿಗೆಲ್ಲ ಕೇಳುತ್ತೆ. ಅವರ ಮಗಳು ನಿನ್ನೆ ಬಂದು ನನ್ನ ಕೈ ಹಿಡಿದುಕೊಂಡಳು. "ಅಪ್ಪಂಗೆ ಮಾತು ಹೋಗುತ್ತೆ ಅಂತ ಹೇಳ್ಬೇಡಿ ಅಕ್ಕಾ" ಅಂದಳು. ಡಾಕ್ಟರು ಅದೇ ಮಾತು ಹೇಳಿದರು.

ಈ ಸಲ ನನ್ನ ಕೈಲಿ ಆಗಲ್ಲ ಅಂದೆ. ಡಾಕ್ಟರಿಗೆ ಕೋಪ ಬಂತು. "ಅವನು ಬಿಟ್ಟು ಹೋದರೆ ನೀನು ಜವಾಬ್ದಾರಿ ತಗೋತೀಯಾ?" ಅಂದರು. ಕೊನೆಗೆ, ಒಬ್ಬರು ಆಪರೇಷನ್ ಆಗಿರೋರನ್ನ ಕರೆಸಿ ಮುಂದೆ ಕೂರಿಸಿ ಹೇಳೋಣ ಅಂತ ನಾನು ಅಂದಾಗ, ಅರ್ಧ ಮನಸ್ಸಿನಿಂದ ಒಪ್ಪಿದರು.

ನಿಮ್ಮ ಹೆಸರು ಬಿಟ್ಟು ಬೇರೆ ಯಾರೂ ನನಗೆ ಹೊಳೆಯಲಿಲ್ಲ. ಕೇಳೋದಕ್ಕೆ ನಾಚಿಕೆ ಆಗುತ್ತೆ. ಬರದಿದ್ದರೂ ಬೇಜಾರಿಲ್ಲ.

ಕವನಾ


ಕುರುಬರಹಳ್ಳಿ
14 ಜೂನ್ 2024

ಸಿಸ್ಟರ್ ಕವನಾ ಅವರಿಗೆ,

ನಿಮ್ಮ ಪತ್ರ ತಲುಪಿತು. ಸೋಮವಾರ ಹನ್ನೊಂದಕ್ಕೆ ಬರುತ್ತೇನೆ. ಶಶಿಕುಮಾರ್ ರಜೆ ಹಾಕಿ ಕರೆತರುತ್ತಾನೆ.

ಅವನ ಹತ್ತಿರ ಬಹಳ ದಿನ ನಾನು ಬರೆದು ಮಾತಾಡಲಿಲ್ಲ. ಏಪ್ರಿಲ್ ಕೊನೆಯಲ್ಲಿ ಒಂದು ಭಾನುವಾರ ಅವನೇ ಬಂದು ಕನ್ನಡಿ ಹಿಡಿದು ಎದುರಿಗೆ ಕೂತ. "ಅಪ್ಪಾ, ಹೇಳಿದ್ರೆ ನೀವು ಆಪರೇಷನ್ ಮಾಡಿಸ್ಕೊಳ್ತಿದ್ರಾ?" ಎಂದ. ನಾನು ಸ್ಲೇಟ್ ತೆಗೆದುಕೊಂಡು "ಇಲ್ಲ" ಎಂದು ಬರೆದೆ. ಅದು ನಿಜ. ಎದ್ದು ಮನೆಗೆ ಬಂದುಬಿಡುತ್ತಿದ್ದೆ. ಇಷ್ಟರಲ್ಲಿ ನನ್ನ ಫೋಟೋಕ್ಕೆ ಹಾರ ಬಿದ್ದಿರುತ್ತಿತ್ತು. ಅದೂ ನಿಜ. ಹೋದ ತಿಂಗಳು ಹುಟ್ಟಿದ ಮೊಮ್ಮಗಳನ್ನು ತೊಡೆಯ ಮೇಲೆ ಹಾಕಿಕೊಂಡೆ. ಇವನು ಸುಳ್ಳು ಹೇಳದಿದ್ದರೆ ಅದೂ ಇರುತ್ತಿರಲಿಲ್ಲ. ಹೀಗಿರುವಾಗ ಸಿಟ್ಟನ್ನು ಎಲ್ಲಿ ಇಡುವುದೋ ತಿಳಿಯದೆ ಮನೆಯಲ್ಲಿ ಓಡಾಡುತ್ತಿದ್ದೇನೆ.

ನಿಮ್ಮ ಮೇಲೆ ಸಿಟ್ಟು ಇದೆ, ಮುಚ್ಚಿಡುವುದಿಲ್ಲ. ಮಗ ಹೆದರಿ ಸುಳ್ಳು ಹೇಳಿದ. ಡಾಕ್ಟರು ನನ್ನನ್ನು ಸರಿಯಾಗಿ ನೋಡಲೂ ಇಲ್ಲ. ನಾನು ನಂಬಿ ಕೇಳಿದ್ದು ನಿಮ್ಮನ್ನು. ಎರಡು ತಿಂಗಳು ಬೆಳಗ್ಗೆ ಎದ್ದ ಕೂಡಲೇ ಬಚ್ಚಲಿಗೆ ಹೋಗಿ, ಬಾಗಿಲು ಹಾಕಿಕೊಂಡು, ಇವತ್ತು ಬಂತೇನೋ ಎಂದು ಬಾಯಿ ತೆರೆದು ನೋಡುತ್ತಿದ್ದೆ.

ನನ್ನ ತಪ್ಪೂ ಒಂದಿದೆ. ಆಯುಷ್ಯವೆಲ್ಲ ಸ್ಕೂಲಿನಲ್ಲಿ ಕಳೆದೆ, ರಾಮಕ್ಕನಿಗೆ ಒಂದಕ್ಷರ ಕಲಿಸಲಿಲ್ಲ. ನಾನಿದ್ದೀನಲ್ಲ ಓದಿ ಹೇಳೋಕೆ ಎಂದುಕೊಂಡಿದ್ದೆ. ಈಗ ಅವಳು ನನ್ನ ತುಟಿ ನೋಡಿ ಅರ್ಥ ಮಾಡಿಕೊಳ್ಳುತ್ತಾಳೆ. ಅರ್ಧ ತಪ್ಪಾಗುತ್ತದೆ. ಉಪ್ಪು ಕೇಳಿದರೆ ಸೋಪು ತರುತ್ತಾಳೆ. ಆಮೇಲೆ ಇಬ್ಬರೂ ನಗುತ್ತೇವೆ, ನನ್ನ ನಗುವಿಗೆ ಸದ್ದಿರುವುದಿಲ್ಲ.

ಗಾಳಿ ನುಂಗಿ ಮಾತಾಡುವುದನ್ನು ಕಲಿಯಲು ವಾರಕ್ಕೊಮ್ಮೆ ಹೋಗುತ್ತಿದ್ದೇನೆ. ತೇಗಿನಂತೆ ನಾಲ್ಕಾರು ಪದ ಬರುತ್ತವೆ. ಕೇಳಲು ಚೆನ್ನಾಗಿಲ್ಲ. ಮುನಿಯಣ್ಣ ಹೆದರಿದರೆ ನನ್ನನ್ನು ದೂರಬೇಡಿ.

ಅಂಜಿನಯ್ಯ


ಕೆಂಗೇರಿ
1 ಜುಲೈ 2024

ಮೇಷ್ಟ್ರೇ,

ಅವತ್ತು ನೀವು ಹೊರಟ ಮೇಲೆ ಏನಾಯ್ತು ಅಂತ ನಿಮಗೆ ಗೊತ್ತಾಗಬೇಕು.

ನೀವು ಬಟ್ಟೆ ಸರಿಸಿ ಕತ್ತು ತೋರಿಸಿದಾಗ, ಕೊಳವೆ ತೆಗೆದು ತೊಳೆದು ಮತ್ತೆ ಹಾಕಿಕೊಂಡಾಗ ಮುನಿಯಣ್ಣ ಕಣ್ಣು ಮಿಟುಕಿಸದೆ ನೋಡಿದರು. ನೀವು ಕಷ್ಟಪಟ್ಟು "ಬದುಕಿದ್ದೀನಿ" ಅಂದಾಗ ತಲೆ ಆಡಿಸಿದರು. ಒಪ್ಪಿದರು ಅಂತಲೇ ನಾನು ಅಂದುಕೊಂಡೆ. ನೀವು ಲಿಫ್ಟ್ ಹತ್ತಿದ ಮೇಲೆ ಎದ್ದು ಅಂಗಿ ಹಾಕಿಕೊಂಡರು.

"ಎಲ್ಲಿಗೆ ಅಣ್ಣ?" ಅಂದೆ.

"ಮನೆಗೆ ಕಣಮ್ಮ. ಕೂಗದೆ ಸೊಪ್ಪು ಮಾರೋಕಾಗುತ್ತಾ? ಇರೋಷ್ಟು ದಿನ ಕೂಗ್ತೀನಿ" ಅಂದರು.

"ತಡ ಮಾಡಿದ್ರೆ ಕಾಯಿಲೆ ಹರಡುತ್ತೆ ಅಣ್ಣ. ಆಮೇಲೆ ಆಪರೇಷನ್ನಿಗೂ ಸಿಗಲ್ಲ."

"ಹೇಳಿದ್ಯಲ್ಲ, ಕೇಳಿಸ್ಕೊಂಡೆ" ಅಂದು ನಡೆದೇಬಿಟ್ಟರು. ಅವರ ಮಗಳು ಎಲ್ಲರ ಮುಂದೆ ನನಗೆ, "ನಮ್ಮಪ್ಪನ್ನ ಸಾಯಿಸಿಬಿಟ್ರಲ್ಲ ಅಕ್ಕಾ" ಅಂದಳು.

ಮೇಲಿನವರು ಕರೆಸಿ ಕೇಳಿದರು. ವಾರ್ಡಿನಿಂದ ತೆಗೆದು ಕೆಳಗೆ ಹೊರರೋಗಿಗಳ ವಿಭಾಗಕ್ಕೆ ಹಾಕಿದ್ದಾರೆ. ಅದರ ಬಗ್ಗೆ ನನಗೆ ಬೇಜಾರಿಲ್ಲ. ವಿಜಯನಗರದಲ್ಲಿ ಮೆಟ್ರೋ ಇಳಿದರೆ ಸೊಪ್ಪಿನ ಗಾಡಿ ಕೂಗು ಕೇಳುತ್ತಾ ಅಂತ ನಿಂತುಬಿಡ್ತೀನಿ. ಒಂದು ದಿನ ಕೇಳಿತು. ಅವರದೇ ದನಿ, ಒಡೆದುಹೋಗಿತ್ತು. ಹತ್ತಿರ ಹೋಗೋ ಧೈರ್ಯ ಬರಲಿಲ್ಲ.

ನಿಮಗೆ ಹೇಳದೆ ತಪ್ಪು ಮಾಡಿದೆ. ಆ ತಪ್ಪಿನ ನೋವು ಕಳೆದುಕೊಳ್ಳೋಕೆ ಅವರಿಗೆ ಹೇಳಿದೆನಾ? ಅವರಿಗೋಸ್ಕರ ಹೇಳಿದೆನಾ, ನನಗೋಸ್ಕರ ಹೇಳಿದೆನಾ? ಇದು ನನ್ನನ್ನು ತಿಂತಿದೆ. ನೀವು ನನ್ನನ್ನು ಕ್ಷಮಿಸಿದ್ದೀರಾ ಅಂತ ಒಂದು ಸಲ ಕೇಳಬೇಕು ಅನ್ನಿಸ್ತಿದೆ ಸಾರ್. ಇಷ್ಟೆಲ್ಲ ಆದ ಮೇಲೂ ನನ್ನ ಬಗ್ಗೆಯೇ ಕೇಳ್ತಿದ್ದೀನಿ ನೋಡಿ.

ಕವನಾ


ಕುರುಬರಹಳ್ಳಿ
6 ಅಕ್ಟೋಬರ್ 2024

ಕವನಾ ತಾಯಿಗೆ,

ಮುನಿಯಣ್ಣ ವಾಪಸ್ಸು ಬಂದ ವಿಷಯ ನಿನಗೆ ಗೊತ್ತೇ ಇದೆ. ಮೇಲಿನ ವಾರ್ಡಿಗೆ ನಿನ್ನನ್ನು ಬಿಡುವುದಿಲ್ಲವೆಂದು ಕೇಳಿದೆ. ಅಲ್ಲಿ ಆದದ್ದನ್ನು ನಾನು ಬರೆಯುತ್ತೇನೆ.

ಜುಲೈಯಿಂದ ಆಗಾಗ ಅವನ ಗಾಡಿ ಹತ್ತಿರ ಹೋಗುತ್ತಿದ್ದೆ. ಆಸ್ಪತ್ರೆಗೆ ಬಾ ಎಂದು ಒಂದು ಸಲವೂ ಬರೆದು ತೋರಿಸಲಿಲ್ಲ. ಅವನಿಗೂ ಓದಲು ಬರುವುದಿಲ್ಲ. ಸುಮ್ಮನೆ ಪಕ್ಕದಲ್ಲಿ ನಡೆಯುತ್ತಿದ್ದೆ, ಅವನು ಕೂಗುತ್ತಿದ್ದ. ಸೆಪ್ಟೆಂಬರಿನಲ್ಲಿ ಒಂದು ದಿನ ಗಾಡಿ ನಿಲ್ಲಿಸಿ, "ಮೇಷ್ಟ್ರೇ, ಸಾಕು. ಹೋಗೋಣ" ಎಂದ. ಅವನ ಮಾತು ಆಗಲೇ ಅರ್ಧ ಉಸಿರಾಗಿತ್ತು.

ಕತ್ತಿನ ಗಂಟಿಗೂ ಹರಡಿದೆ ಎಂದರು. ಆಪರೇಷನ್ ದೊಡ್ಡದಾಯಿತು. ಆಮೇಲೆ ಕರೆಂಟ್, ಅಂದರೆ ರೇಡಿಯೇಷನ್, ಕೊಡಬೇಕಂತೆ. ಜೂನಿನಲ್ಲೇ ಮಾಡಿಸಿಕೊಂಡಿದ್ದರೆ ಇಷ್ಟು ಆಗುತ್ತಿರಲಿಲ್ಲ. ಇದನ್ನು ನಿನ್ನಿಂದ ಮುಚ್ಚಿಡುವುದಿಲ್ಲ. ಎಷ್ಟು ದಿನ ಇರುತ್ತಾನೋ ಯಾರಿಗೂ ಗೊತ್ತಿಲ್ಲ. ಆ ಪಾಪ ನಿನ್ನೊಬ್ಬಳದೇ ಎಂದುಕೊಳ್ಳಬೇಡ. ಅವನು ಹೆದರಿ ಹೋದದ್ದು ನನ್ನ ಕತ್ತು ನೋಡಿ.

ಆಪರೇಷನ್ ದಿನ ಬೆಳಗ್ಗೆ ನಾನಿದ್ದೆ. ಅವನ ಹೆಂಡತಿ ಅಕ್ಕಯ್ಯಮ್ಮ ಗೋಡೆಗೆ ಒರಗಿ ಅಳುತ್ತಿದ್ದಳು. ಥಿಯೇಟರ್ ಬಾಗಿಲಲ್ಲಿ ಗಾಲಿಮಂಚ ನಿಲ್ಲಿಸಲು ಹೇಳಿ ಅವಳನ್ನು ಹೆಸರು ಹಿಡಿದು ಕರೆದ. ಅಲ್ಲಿಯವರೆಗೆ "ಇವಳೇ", "ಲೇ" ಎಂದಷ್ಟೇ ಕರೆಯುತ್ತಿದ್ದನಂತೆ. ಅವಳು ಬೆಚ್ಚಿ ಹತ್ತಿರ ಬಂದಳು. ಇನ್ನೇನು ಹೇಳುತ್ತಾನೋ ಎಂದು ನಾವೆಲ್ಲ ನೋಡುತ್ತಿದ್ದರೆ, "ಏನಿಲ್ಲ. ಹೋಗಿ ತಿಂಡಿ ತಿನ್ನು" ಎಂದ. ಒಳಗೆ ಕರೆದುಕೊಂಡು ಹೋದರು.

ಜನವರಿಯಲ್ಲಿ ನಾನು ಅದೇ ಬಾಗಿಲಲ್ಲಿ ರಾಮಕ್ಕನಿಗೆ ಹೇಳಿದ್ದು, ಚಪ್ಪಲಿ ಮಂಚದ ಕೆಳಗಿದೆ, ಯಾರಾದರೂ ಎತ್ತಿಕೊಂಡು ಹೋದಾರು, ನೋಡಿಕೋ ಎಂದು. ಅದೇ ಕೊನೆ ಮಾತು ಎಂದು ನನಗೆ ಗೊತ್ತಿರಲಿಲ್ಲ.

ಕ್ಷಮಿಸಿದ್ದೀರಾ ಎಂದು ನೀನು ಕೇಳಿದ್ದೆ. ಉತ್ತರ ಕೊಡಲು ಇಷ್ಟು ದಿನ ಬೇಕಾಯಿತು. ಕ್ಷಮಿಸಿದ್ದೇನೆ ಎಂದು ಬರೆದರೆ ನಿನಗೆ ನಾನೂ ಒಂದು ಸುಳ್ಳು ಹೇಳಿದ ಹಾಗೆ. ಕೆಲವು ದಿನ ನಿನ್ನ ನೆನಪಾದರೆ ಮಗಳ ನೆನಪಾದ ಹಾಗಿರುತ್ತದೆ. ಕೆಲವು ದಿನ ಎದೆ ಕುದಿಯುತ್ತದೆ. ಇನ್ನೂ ಹಾಗೇ ಇದೆ.

ಮುನಿಯಣ್ಣನಿಗೋಸ್ಕರ ಹೇಳಿದೆಯೋ ನಿನಗೋಸ್ಕರವೋ ಎಂದೂ ನೀನು ಕೇಳಿದ್ದೆ. ಅದೂ ನನಗೆ ತಿಳಿಯದು. ಕಂಡದ್ದನ್ನು ಹೇಳುತ್ತೇನೆ.

ಅವನಿಗೆ ಎಚ್ಚರವಾದಾಗ ನಾನು ಮಂಚದ ಪಕ್ಕ ಇದ್ದೆ. ಅಂದು ನನಗೆ ಎಚ್ಚರವಾದಾಗ ರಾಮಕ್ಕನನ್ನು ಕರೆಯಲು ಬಾಯಿ ತೆರೆದಿದ್ದೆ. ಸದ್ದು ಬರಲಿಲ್ಲ. ಮತ್ತೆ ತೆರೆದೆ, ಮತ್ತೆ ತೆರೆದೆ. ಇಬ್ಬರು ಬಂದು ನನ್ನ ಕೈ ಹಿಡಿದುಕೊಳ್ಳಬೇಕಾಯಿತು. ಮುನಿಯಣ್ಣ ಬಾಯಿ ತೆರೆಯಲಿಲ್ಲ. ನಿಧಾನವಾಗಿ ಕತ್ತಿನ ಮೇಲೆ ಕೈ ಇಟ್ಟು ನೋಡಿಕೊಂಡ. ಆಮೇಲೆ ಅಕ್ಕಯ್ಯಮ್ಮನ ಕಡೆ ತಿರುಗಿ, ಬೆರಳು ಜೋಡಿಸಿ ಬಾಯಿಗಿಟ್ಟು, ತಿಂದೆಯಾ ಎಂದು ಕೇಳಿದ.

ಇತಿ,
ಅಂಜಿನಯ್ಯ